ಅಲ್ಪವಿಶ್ವಾಸಿ ಯಾರು?

ಕಳೆದ ಡಿಸೆಂಬರಿನ ಒಂದು ದಿನ, ಮಧ್ಯಾಹ್ನ ಎರಡು ಗಂಟೆಗೇ ಉಮೆಯೊದಲ್ಲಿ ಸೂರ್ಯ ಮುಳುಗಿದ್ದ ಹೊತ್ತಿನಲ್ಲಿ, ನಮ್ಮ ಬಳಗದ ತಾಯಿಯೊಬ್ಬರು ದೂರವಾಣಿಯಲ್ಲಿ ಕೇಳಿದರು: "ಡಾಕ್ಟ್ರೇ, ಮನಸ್ಸಿಗೆಂದು ಕೊಟ್ಟಿರುವ ಈ ಗುಳಿಗೆ ನುಂಗಿದರೆ ನನ್ನ ನಂಬಿಕೆ ಸಾಲದು ಅಂತ ಅರ್ಥವೇ?" ಊರಿನಿಂದ ಅವರ ಅತ್ತೆಯವರು ಪ್ರತಿ ರಾತ್ರಿ ಕರೆ ಮಾಡಿ, ಇನ್ನಷ್ಟು ಪ್ರಾರ್ಥನೆ ಮಾಡು, ಅಲ್ಪವಿಶ್ವಾಸಿಯಾಗಬೇಡ ಎನ್ನುತ್ತಿದ್ದರಂತೆ. ಹತ್ತು ದಿನಗಳಿಂದ ಗುಳಿಗೆಯ ಪೊಟ್ಟಣವನ್ನು ಅವರು ಮುಟ್ಟಿರಲಿಲ್ಲ. (ಅವರ ಒಪ್ಪಿಗೆ ಪಡೆದು, ಗುರುತು ಬಿಟ್ಟು ಇದನ್ನು ಬರೆಯುತ್ತಿದ್ದೇವೆ.)

ಔಷಧದ ವಿಷಯಕ್ಕೆ ಉತ್ತರ ಸಿದ್ಧವಿತ್ತು. ಇಂಥ ಗುಳಿಗೆ ಫಲ ಕೊಡಲು ಕೆಲವು ವಾರಗಳು ಬೇಕು. ತಟ್ಟನೆ ನಿಲ್ಲಿಸಿದರೆ ತಲೆ ಸುತ್ತುವುದು, ನಿದ್ದೆ ಕೆಡುವುದು ಉಂಟು. ಬರೆದುಕೊಟ್ಟ ವೈದ್ಯರಿಗೆ ನಾಳೆಯೇ ತಿಳಿಸಿ ಎಂದೆವು. ನಂಬಿಕೆಯ ವಿಷಯಕ್ಕೆ ಮಾತ್ರ ಆ ಹೊತ್ತು ಬಾಯಿ ಕಟ್ಟಿತು. ಎಂಬಿಬಿಎಸ್ ಪಾಠಗಳಲ್ಲಿ ಅದು ಇರಲಿಲ್ಲ. ಪ್ರಶ್ನೆ ಹೊಸದೇನಲ್ಲ. ಈ ದೇಶಕ್ಕೆ ಬಂದು, ಲೈಸೆನ್ಸಿನ ಪರೀಕ್ಷೆಯಲ್ಲಿ ಒಮ್ಮೆ ಅನುತ್ತೀರ್ಣರಾಗಿ, ನಲವತ್ತರ ಹೊಸ್ತಿಲಲ್ಲಿ ಸ್ವೀಡಿಷ್ ಕ್ರಿಯಾಪದಗಳನ್ನು ಬಾಯಿಪಾಠ ಮಾಡುತ್ತ ಕುಳಿತಿದ್ದಾಗ ನಾವೂ ದೇವರನ್ನು ಬೇಡಿದ್ದು ಒಂದನ್ನೇ: ಈ ಅಸಾಮರ್ಥ್ಯವನ್ನು ತೆಗೆದುಹಾಕು. ಅದು ಹೋಗಲಿಲ್ಲ. ಇಂದಿಗೂ ರೋಗಿಯೊಬ್ಬರು ಇಲ್ಲಿನ ಹಳ್ಳಿಯ ನುಡಿಯಲ್ಲಿ ವೇಗವಾಗಿ ಮಾತಾಡಿದರೆ, ಇನ್ನೊಮ್ಮೆ ಹೇಳಿ ಎಂದು ಕೇಳಬೇಕಾಗುತ್ತದೆ.

ಆಮೇಲೆ ಪೌಲನ ಪತ್ರಿಕೆಗಳನ್ನು ಮತ್ತೆ ತೆರೆದೆವು. ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿ ತನ್ನ ಶರೀರದಲ್ಲಿ ನಾಟಿದ ಶೂಲದ ಪ್ರಸ್ತಾಪವನ್ನು ಅವನೇ ಮಾಡುತ್ತಾನೆ. ಅದು ಕಣ್ಣಿನ ಬೇನೆಯೋ, ಮೂರ್ಛೆಯೋ, ಮಲೇರಿಯವೋ ಎಂದು ಎಷ್ಟೋ ಜನ ಊಹಿಸಿದ್ದಾರೆ. ಕಾಣದ ರೋಗಿಗೆ ರೋಗದ ಹೆಸರು ಹಚ್ಚುವ ಚಪಲ ನಮ್ಮ ವೃತ್ತಿಯವರಿಗೆ ಸ್ವಲ್ಪ ಹೆಚ್ಚೇ. ಮುಖ್ಯವಾದದ್ದು ಬೇರೆ. ಮೂರು ಬಾರಿ ಬೇಡಿದರೂ ಶೂಲ ಹೋಗಲಿಲ್ಲ. ದೊರೆತದ್ದು ಕೃಪೆ ಸಾಕೆಂಬ ಉತ್ತರ. ಪೌಲನನ್ನು ಅಲ್ಪವಿಶ್ವಾಸಿಯೆಂದು ಯಾವ ಸಭೆಯೂ ಕರೆದಿಲ್ಲ. ಅವನ ಸಂಗಡಿಗನಾದ ಲೂಕನು ವೈದ್ಯನೆಂಬುದು ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯಲ್ಲಿದೆ. ತಿಮೊಥೆಯನಿಗೆ ಬರೆದ ಮೊದಲ ಪತ್ರಿಕೆಯಲ್ಲಂತೂ, ಮೇಲಿಂದ ಮೇಲೆ ಕಾಯಿಲೆ ಬೀಳುವ ಆ ಕಿರಿಯನಿಗೆ ಹೊಟ್ಟೆಯ ಸಲುವಾಗಿ ಸ್ವಲ್ಪ ದ್ರಾಕ್ಷಾರಸ ತೆಗೆದುಕೊಳ್ಳಬೇಕೆಂಬ ಸಲಹೆಯೇ ಇದೆ. ಅಂದಿನ ಕಾಲಕ್ಕೆ ಅದು ಔಷಧ. ಇನ್ನಷ್ಟು ನಂಬು, ಹೊಟ್ಟೆ ಸರಿಹೋಗುತ್ತದೆ ಎಂಬ ಮಾತು ಅಲ್ಲಿಲ್ಲ.

ಕನ್ನಡದವರೇ ಆಗಿಹೋದ ಒಬ್ಬರನ್ನು ಇಲ್ಲಿ ನೆನೆಯಬೇಕು. ನಮ್ಮ ಊರಿನ ಕೆಂಪು ಇಟ್ಟಿಗೆಯ ನಗರ ಚರ್ಚು ಪೂರ್ಣಗೊಂಡದ್ದು 1894ರಲ್ಲಿ; ಫರ್ಡಿನಾಂಡ್ ಕಿಟ್ಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಪ್ರಕಟವಾದದ್ದೂ ಅದೇ ವರ್ಷ. ಆ ಚರ್ಚಿನ ಮುಂದೆ ಹಾಯುವಾಗಲೆಲ್ಲ ಅವರ ನೆನಪಾಗುತ್ತದೆ. ಸುಮಾರು 70,000 ಶಬ್ದಗಳ ಆ ನಿಘಂಟನ್ನು ನಾವು ವಿಜಯದ ಕಥೆಯಾಗಿ ಹೇಳುತ್ತೇವೆ. ಕಿಟ್ಟೆಲ್ ಅವರು 1853ರಲ್ಲಿ ಭಾರತಕ್ಕೆ ಬಂದದ್ದು ನಿಘಂಟು ಬರೆಯಲಿಕ್ಕಲ್ಲ, ಸುವಾರ್ತೆ ಸಾರಲಿಕ್ಕೆ. ಆ ಕೆಲಸದಲ್ಲಿ ಅವರು ಹೆಸರು ಮಾಡಲಿಲ್ಲ. ಬಾಸೆಲ್ ಮಿಶನ್ನಿನ ಒಳಗೂ ಅವರಿಗೆ ಸರಿಯಾಗಿ ಹೊಂದಿಕೆಯಾಗಲಿಲ್ಲ. ಮೊದಲ ಹೆಂಡತಿ ಪೌಲೀನಾ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. 1877ರಲ್ಲಿ ಜರ್ಮನಿಗೆ ಮರಳಿದವರು 1883ರಲ್ಲಿ ಸಂಸಾರವನ್ನು ಅಲ್ಲಿಯೇ ಬಿಟ್ಟು ನಿಘಂಟಿಗಾಗಿ ಮತ್ತೆ ಬಂದರು. 1892ರಲ್ಲಿ ದೇಹ ಸೋತು ಶಾಶ್ವತವಾಗಿ ಹಿಂದಿರುಗಿದರು. ಉಳಿದ ಕೆಲಸ ಮುಗಿದದ್ದು ಟ್ಯೂಬಿಂಗೆನ್ನಿನಲ್ಲಿ. ಅವರ ಕನ್ನಡ ವ್ಯಾಕರಣ ಹೊರಬಂದದ್ದು 1903ರಲ್ಲಿ, ಅವರು ತೀರಿಕೊಂಡ ವರ್ಷವೇ.

ಅವರ ಅಂತರಂಗವನ್ನು ನಾವು ಬಲ್ಲೆವೆಂದು ಹೇಳಲಾರೆವು. ಆದರೆ ಈ ಬಾಳಿನಲ್ಲಿ ನಂಬಿಕೆ ಕಾಯಿಲೆಯನ್ನಾಗಲಿ ಒಂಟಿತನವನ್ನಾಗಲಿ ತೊಡೆದುಹಾಕಿದ್ದು ಕಾಣುವುದಿಲ್ಲ; ಅವುಗಳ ನಡುವೆಯೇ ಕುಳಿತು ಒಂದು ಶಬ್ದದ ಮುಂದೆ ಇನ್ನೊಂದನ್ನು ಬರೆದಿಟ್ಟದ್ದು ಕಾಣುತ್ತದೆ. ನೆರವು ಪಡೆಯುವುದಕ್ಕೂ ಅವರು ಸಂಕೋಚಪಡಲಿಲ್ಲ. ಊರಿನ ಪಂಡಿತರನ್ನು ಕೇಳಿ ಕೇಳಿಯೇ ಆ ಗ್ರಂಥ ಬೆಳೆಯಿತು. ತನ್ನಿಂದ ಇಷ್ಟೇ ಸಾಧ್ಯ ಎಂದು ದೇವರ ಮುಂದೆ ಒಪ್ಪಿಕೊಂಡವನಿಗೆ ಮನುಷ್ಯರ ಮುಂದೆ ಒಪ್ಪಿಕೊಳ್ಳುವುದು ಸುಲಭವಾಗಬೇಕು. ನಮ್ಮ ಕುಟುಂಬಗಳಲ್ಲಿ ಇದು ತಿರುಗುಮುರುಗಾಗಿದೆ. ನಂಬಿಕೆಯುಳ್ಳವರೇ ಹೆಚ್ಚು ಮುಚ್ಚಿಡುತ್ತಾರೆ. ಕೆಲಸ ಹೋದದ್ದು, ಮಗ ಪರೀಕ್ಷೆಯಲ್ಲಿ ನಪಾಸಾದದ್ದು, ಬಂದಿರುವ ತಂದೆಯವರಿಗೆ ಮರೆವು ಹೆಚ್ಚಿದ್ದು, ಎಲ್ಲವೂ ಪ್ರಾರ್ಥನೆಯಲ್ಲಿ ಮಾತ್ರ ಇರುತ್ತವೆ. ಪಕ್ಕದ ಮನೆಯವರಿಗೆ ಗೊತ್ತಿರುವುದಿಲ್ಲ. ಇದನ್ನು ನಂಬಿಕೆ ಎನ್ನಲು ನಮಗೆ ಮನಸ್ಸಿಲ್ಲ. ಇದು ಮಾನದ ಭಯ. ಬಳಗದಲ್ಲಿ ಕ್ರೈಸ್ತರು ಕೆಲವೇ ಮನೆಗಳು ಇರಬಹುದು, ಆದರೆ ಈ ಭಯ ಎಲ್ಲರ ಮನೆಯದು.

ಈ ದೇಶದ ಒಂದು ಏರ್ಪಾಡು ನಮಗೆ ಬಹಳ ಇಷ್ಟ. ಆರೋಗ್ಯ ಸಲಹೆಗೆ 1177 ಇರುವುದು ನಿಮಗೆ ತಿಳಿದಿದೆ. ಆಂಬುಲೆನ್ಸಿಗಾಗಿ ಒತ್ತುವ 112ಕ್ಕೆ ರಾತ್ರಿ ಕರೆ ಮಾಡಿ, ಕರ್ತವ್ಯದಲ್ಲಿರುವ ಪಾದ್ರಿಯವರನ್ನು ಕೊಡಿ ಎಂದೂ ಕೇಳಬಹುದು. ಸ್ವೀಡನ್ ಚರ್ಚಿನ ಪಾದ್ರಿಯೊಬ್ಬರು ಮಾತಿಗೆ ಸಿಗುತ್ತಾರೆ. ಹೇಳಿದ್ದು ಅವರಲ್ಲೇ ಉಳಿಯುತ್ತದೆ. ಚರ್ಚಿನ ಸದಸ್ಯರೇ ಆಗಿರಬೇಕೆಂದಿಲ್ಲ. ವೈದ್ಯರೂ ಪಾದ್ರಿಯೂ ಒಂದೇ ಸಂಖ್ಯೆಯ ಹಿಂದೆ ಇರುವಾಗ, ನಾವು ಮನೆಯಲ್ಲಿ ಅವರಿಬ್ಬರನ್ನು ಏಕೆ ಎದುರಾಳಿಗಳನ್ನಾಗಿ ಮಾಡಬೇಕು?

ಆ ತಾಯಿಗೆ ಮರುವಾರ ನಾವೇ ಕರೆ ಮಾಡಿ ತಿಮೊಥೆಯನ ಹೊಟ್ಟೆಯ ಸಂಗತಿ ಹೇಳಿದೆವು. ನಕ್ಕರು. ಅಷ್ಟರಲ್ಲಿ ವೈದ್ಯರನ್ನು ಕಂಡು ಗುಳಿಗೆ ಮತ್ತೆ ಆರಂಭಿಸಿದ್ದರು. ಸಂಕ್ರಾಂತಿಯ ಹೊತ್ತಿಗೆ ಅವರೇ ತಿಳಿಸಿದರು: ಅತ್ತೆಯವರಿಗೆ ಆ ವಚನವನ್ನು ಫೋನಿನಲ್ಲಿ ಓದಿ ಹೇಳಿದರಂತೆ. ಅತ್ತೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರಂತೆ, "ಅದನ್ನ ಊಟಕ್ಕೆ ಮುಂಚೆ ತಗೋಬೇಕೋ, ಆಮೇಲೋ?"