ಮಂಗನ ಕಾಯಿಲೆಯ ನಾಡಿನಲ್ಲಿ ಇನ್ನೊಂದು ಜ್ವರ

ಕ್ಯಾಸನೂರು ಎಂದರೆ ಮಂಗನ ಕಾಯಿಲೆ. 1957ರಲ್ಲಿ ಇಲ್ಲಿ ಪತ್ತೆಯಾದ ವೈರಸ್ಸಿಗೆ ಊರಿನ ಹೆಸರೇ ಅಂಟಿಕೊಂಡಿತು. ಅಲ್ಲಿಂದೀಚೆಗೆ ಸೊರಬದ ಸುತ್ತಿನ ಜನ ಬೇಸಿಗೆಯ ಜ್ವರವನ್ನು ಹಗುರವಾಗಿ ಕಾಣುವುದಿಲ್ಲ. ಮಕ್ಕಳ ಗಂಟಲು ನೋವಿನ ಬೆನ್ನಿಗೆ ಬರುವ ಇನ್ನೊಂದು ಜ್ವರಕ್ಕೂ ಇಷ್ಟೇ ಎಚ್ಚರ ಬೇಕು. ಹೃದಯದ ಮೈಟ್ರಲ್ ಕವಾಟ ಕಿರಿದಾಗಲು ನಮ್ಮಲ್ಲಿ ಮುಖ್ಯ ಕಾರಣ ಅದೇ.

5ರಿಂದ 15 ವರ್ಷದ ಮಗುವಿಗೆ ಸ್ಟ್ರೆಪ್ಟೊಕಾಕಸ್ ಸೋಂಕಿನಿಂದ ಗಂಟಲು ಕೆಟ್ಟು, ಎರಡು ಮೂರು ವಾರದ ಮೇಲೆ ಜ್ವರ ಬಂದು, ಮಂಡಿ, ಮೊಣಕೈ ಒಂದಾದ ಮೇಲೊಂದು ಊದಿಕೊಂಡರೆ ಅದು ರುಮ್ಯಾಟಿಕ್ ಜ್ವರವಿರಬಹುದು. ಕೀಲುಗಳು ವಾಸಿಯಾಗುತ್ತವೆ, ಹೃದಯದ ಕವಾಟಕ್ಕೆ ಆದ ಗಾಯ ಉಳಿಯಬಹುದು. ವರ್ಷಗಳು ಕಳೆದಂತೆ ಕವಾಟ ದಪ್ಪವಾಗಿ ಅಂಚುಗಳು ಬೆಸೆದುಕೊಳ್ಳುತ್ತವೆ. 4ರಿಂದ 6 ಚದರ ಸೆಂಟಿಮೀಟರ್ ಇರಬೇಕಾದ ಬಾಯಿ 1.5ಕ್ಕೆ ಇಳಿದರೆ ಕಾಯಿಲೆ ತೀವ್ರವಾಗಿದೆ ಎಂದರ್ಥ. ತೂಬು ಕಟ್ಟಿದ ಕೆರೆಯಲ್ಲಿ ನೀರು ಏರುವಂತೆ ಕವಾಟದ ಹಿಂದಕ್ಕೆ, ಶ್ವಾಸಕೋಶದಲ್ಲಿ, ರಕ್ತದ ಒತ್ತಡ ಏರುತ್ತದೆ. ಏರು ಹತ್ತಿದರೆ ಏದುಸಿರು, ಮಲಗಿದರೆ ಕೆಮ್ಮು, ಎದೆ ಡವಡವ. ಇದನ್ನು ಉಬ್ಬಸವೆಂದು ತಿಳಿದು ಕಾಲ ಕಳೆಯುವವರಿದ್ದಾರೆ. ಬಸುರಿಯಲ್ಲಿ ರಕ್ತದ ಪ್ರಮಾಣ ಸುಮಾರು ಅರ್ಧದಷ್ಟು ಹೆಚ್ಚುವುದರಿಂದ, ಅಡಗಿದ್ದ ಕಾಯಿಲೆ ಆಗಲೇ ಹೊರಬೀಳುವುದುಂಟು. ಹೃದಯದ ಸ್ಕ್ಯಾನ್ ಆದ ಎಕೋ ಪರೀಕ್ಷೆಯಲ್ಲಿ ಎಲ್ಲ ಸ್ಪಷ್ಟವಾಗುತ್ತದೆ.

ಮೈಟ್ರಲ್ ಕವಾಟ ಹೆಚ್ಚು ಗಟ್ಟಿಯಾಗಿರದಿದ್ದರೆ ತೊಡೆಯ ರಕ್ತನಾಳದ ಮೂಲಕ ಬಲೂನ್ ಹಾಯಿಸಿ ಅಗಲಿಸುತ್ತಾರೆ. ಜಪಾನಿನ ಕಾಂಜಿ ಇನೊವೆ 1980ರ ದಶಕದಲ್ಲಿ ರೂಪಿಸಿದ ಈ ವಿಧಾನಕ್ಕೆ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ ಹೆಸರಾಗಿದೆ. ಕವಾಟ ತೀರಾ ಹಾಳಾಗಿದ್ದರೆ ಬದಲಿಸಬೇಕಾಗುತ್ತದೆ.

ಅಲ್ಲಿಗೆ ಮುಗಿಯಿತೆಂದುಕೊಳ್ಳುವುದೇ ದೊಡ್ಡ ತಪ್ಪು. ರುಮ್ಯಾಟಿಕ್ ಜ್ವರ ಮರುಕಳಿಸಿದರೆ ಕವಾಟ ಇನ್ನಷ್ಟು ಕೆಡುತ್ತದೆ. ಹಾಗಾಗಿ ಮೂರು ನಾಲ್ಕು ವಾರಕ್ಕೊಮ್ಮೆ ಪೆನ್ಸಿಲಿನ್ ಚುಚ್ಚುಮದ್ದನ್ನು, ವೈದ್ಯರು ಹೇಳಿದಷ್ಟು ವರ್ಷ, ಅನೇಕರಿಗೆ 40ರ ವಯಸ್ಸಿನವರೆಗೂ, ತಪ್ಪಿಸುವಂತಿಲ್ಲ. ಎದೆಬಡಿತದ ತಾಳ ತಪ್ಪಿದವರು, ಲೋಹದ ಕವಾಟ ಹಾಕಿಸಿಕೊಂಡವರು ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಾ ರಕ್ತ ಹೆಪ್ಪುಗಟ್ಟುವ ವೇಗ ಅಳೆಯುವ ಐಎನ್‌ಆರ್ ಪರೀಕ್ಷೆ ಮಾಡಿಸುತ್ತಿರಬೇಕು. ಮಾತ್ರೆಯ ಪರಿಣಾಮವನ್ನು ಬದಲಿಸುತ್ತದೆಂದು ಸೊಪ್ಪು ಬಿಡಬೇಕಿಲ್ಲ, ತಿನ್ನುವ ಪ್ರಮಾಣ ವಾರದಿಂದ ವಾರಕ್ಕೆ ಏರುಪೇರಾಗದಿದ್ದರೆ ಸಾಕು. ನೋವಿನ ಮಾತ್ರೆಯನ್ನೂ ನಾಟಿ ಔಷಧಿಯನ್ನೂ ಕೇಳದೆ ತೆಗೆದುಕೊಳ್ಳಬಾರದು. ಮಕ್ಕಳು ಬೇಕೆನ್ನುವ ಹೆಣ್ಣುಮಕ್ಕಳು ಬಸುರಾಗುವ ಮೊದಲೇ ವೈದ್ಯರನ್ನು ಕಾಣಬೇಕು.

ಕ್ಯಾಸನೂರಿನ ಸುತ್ತ ಇನ್ನೊಂದು ಎಚ್ಚರ ಸೇರಿಸಬೇಕು. ಮಂಗನ ಕಾಯಿಲೆಯಲ್ಲಿ ಪ್ಲೇಟ್‌ಲೆಟ್ ಇಳಿದು ರಕ್ತಸ್ರಾವ ಆಗಬಹುದು. ರಕ್ತ ತೆಳುವಾಗಿಸುವ ಮಾತ್ರೆಯಲ್ಲಿರುವವರಿಗೆ ಜ್ವರ ಬಂದರೆ ಅಪಾಯ ಇಮ್ಮಡಿ; ಅಂದೇ ಆಸ್ಪತ್ರೆಗೆ ಹೋಗಿ ಮಾತ್ರೆಯ ಹೆಸರು ಹೇಳಬೇಕು. ಕೆಟ್ಟ ಕವಾಟಕ್ಕೇ ಸೋಂಕು ತಗುಲಿಯೂ ಜ್ವರ ಬರಬಹುದಾದ್ದರಿಂದ, ರಕ್ತಪರೀಕ್ಷೆಗೆ ಮೊದಲು ತಾವೇ ಆ್ಯಂಟಿಬಯೋಟಿಕ್ ನುಂಗಬಾರದು.

ಜ್ವರದ ವಿಚಾರಣೆಗೆ ಆಶಾ ಕಾರ್ಯಕರ್ತೆಯರು ಮನೆಗೆ ಬಂದಾಗ ಇನ್ನೆರಡು ಪ್ರಶ್ನೆ ಕೇಳಲಿ: ಮಗುವಿನ ಗಂಟಲು ನೋಯುತ್ತಿತ್ತೇ? ಕೀಲು ಊದಿತ್ತೇ? ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪೆನ್ಸಿಲಿನ್ ದಾಸ್ತಾನು ತಪ್ಪದಿರಲಿ. ಎಷ್ಟೋ ಬಲೂನ್ ಚಿಕಿತ್ಸೆಗಳ ಅಗತ್ಯವನ್ನೇ ಇವೆರಡೂ ತಪ್ಪಿಸಬಲ್ಲವು.