ಜೀಪಿನ ಬುಶ್ಶೂ ಕೈಯ ಕೂಲಿಯೂ

ಹಳೆಯ ಜೀಪು ಸಾಕುವ ಶೋಕಿಯವರು ಪುಣೆಯಲ್ಲಿ ಕಡಿಮೆಯಿಲ್ಲ. 1941ರಿಂದ 1945ರವರೆಗಿನ ಯುದ್ಧಕಾಲದಲ್ಲಿ ಅಮೇರಿಕದ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಕೂಡಿ ಆರು ಲಕ್ಷಕ್ಕೂ ಮೇಲೆ ಜೀಪುಗಳನ್ನು ಮಾಡಿದವು. ಯುದ್ಧದ ನಂತರ ಮಹೀಂದ್ರಾದವರು ಮುಂಬಯಿಯ ಮಝಗಾಂವದಲ್ಲಿ ವಿಲ್ಲಿಸ್ ಜೀಪು ಜೋಡಿಸತೊಡಗಿದರು. ಅಂಥ ಗಾಡಿಗಳ ಕೆಲವು ಭಾಗಗಳು ನಾನಾ ಪೇಟೆಯಲ್ಲಿಯೋ ಜುನಾ ಬಜಾರಿನಲ್ಲಿಯೋ ಸಿಕ್ಕುತ್ತವೆ, ಕೆಲವು ಸಿಕ್ಕುವುದಿಲ್ಲ. ಸಿಕ್ಕದಾಗ ಮಾಲೀಕರು ಹುಡುಕಿಕೊಂಡು ಬರುವುದು ನಮ್ಮವರ ಮನೆ ಬಾಗಿಲಿಗೆ. ಭೋಸರಿಯ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದವನು ಮನೆಯೆದುರಿನ ತಗಡಿನ ಶೆಡ್ಡಿನಲ್ಲಿ ಹಳೆಯ ಸಣ್ಣ ಲೇಥಿನ ಮುಂದೆ ಮತ್ತೆ ನಿಲ್ಲುತ್ತಾನೆ.

ಇದನ್ನು ಸಣ್ಣ ಕೆಲಸವೆನ್ನುವವರು ಮಾಡಿ ನೋಡಲಿ. ಯುದ್ಧಕಾಲದ ಜೀಪಿನ ಸ್ಪ್ರಿಂಗ್ ಪಟ್ಟಿಯನ್ನು ಹಿಡಿಯುವ ಶ್ಯಾಕಲ್ಲಿನ ಬುಶ್ಶನ್ನೇ ತೆಗೆದುಕೊಳ್ಳಿ. ಅದರೊಳಗೆ ಥ್ರೆಡ್ ಇದೆ, ಅದೂ ಇಂಚಿನ ಲೆಕ್ಕದ್ದು. ಮಿಲಿಮೀಟರಿನ ಟ್ಯಾಪ್ ಹಾಕಿದರೆ ಕೆಟ್ಟಿತು. ಕೆಲವು ಕಡೆ ಥ್ರೆಡ್ ಎಡಕ್ಕೆ ತಿರುಗುವಂಥದು. ಮಾದರಿಗೆಂದು ಕೊಟ್ಟ ಹಳೆಯದು ಸವೆದೇ ಬಂದಿರುತ್ತದೆ. ಸವೆದಲ್ಲಿ ಕ್ಯಾಲಿಪರ್ ಇಟ್ಟರೆ ಸವೆತವನ್ನೇ ಹೊಸದಾಗಿ ಮಾಡಿದಂತಾಯಿತು. ಆದುದರಿಂದ ತಿಕ್ಕಾಟ ತಗಲದ ಭಾಗವನ್ನು ಹುಡುಕಿ ಅಳೆಯಬೇಕು, ಇನ್ನೊಂದು ಬದಿಯ ಜೋಡಿಯೊಡನೆ ತಾಳೆ ನೋಡಬೇಕು. ಮೆತ್ತನೆಯ ಕಬ್ಬಿಣದಲ್ಲಿ ಮಾಡಿ ಮೇಲ್ಮೈಯನ್ನು ಗಡಸು ಮಾಡದೆ ಬಿಟ್ಟರೆ ಬೇಗನೆ ತಿಂದುಹೋಗುತ್ತದೆ.

ಇಷ್ಟು ಮಾಡಿದವನಿಗೆ ಸಿಕ್ಕಿದ್ದೇನು? ನಮ್ಮ ಸದಸ್ಯನೊಬ್ಬನು ಎರಡು ರಾತ್ರಿ ನಿದ್ದೆಗೆಟ್ಟು ನಾಲ್ಕು ಬುಶ್ ಮಾಡಿಕೊಟ್ಟನು. ಗಿರಾಕಿ ಮಹಾಶಯರು ಸರಳಿನ ತೂಕ ಹಿಡಿದು ಲೆಕ್ಕ ಮಾಡಿ, ಮೇಲೆ ಇನ್ನೂರು ರೂಪಾಯಿ ಚಹಾಕ್ಕೆಂದು ಇಟ್ಟು ಹೋದರು. ಹೋಟೆಲಿನಲ್ಲಿ ದುಡಿದ ನಮಗೆ ಈ ಲೆಕ್ಕ ವಿಚಿತ್ರವಾಗಿ ಕಾಣುತ್ತದೆ. ಅಕ್ಕಿ ಉದ್ದಿನ ತೂಕ ಹಿಡಿದು ದೋಸೆ ಮಾರುವ ಮಾಲೀಕನನ್ನು ನಾವು ಈವರೆಗೆ ಕಂಡಿಲ್ಲ. (ಭಟ್ಟರಿಗೆ ಸಂಬಳ ಕೊಡುವಾಗ ಅವರಿಗೆ ತೂಕ ನೆನಪಾಗುತ್ತದೆ, ಆ ಮಾತು ಬೇರೆ.) 2021ರ ಕೇಂದ್ರ ನಿಯಮದಂತೆ 50 ವರ್ಷ ಮೀರಿದ ಗಾಡಿಯನ್ನು ವಿಂಟೇಜ್ ಎಂದು ನೋಂದಿಸಬೇಕಾದರೆ ಅದರ ಮೂಲ ರೂಪ ಉಳಿದಿರಬೇಕು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ಅದನ್ನು ಗೊಣಗದೆ ಕಟ್ಟುವವರು ಮೂಲದಂತೆ ಮಾಡಿಕೊಟ್ಟ ಕೈಗೆ ಗಂಟೆಯ ಲೆಕ್ಕದಲ್ಲಿ ಕೂಲಿ ಕೊಡಲಾರರೆ? ನಮ್ಮವರು ಕೇಳಲು ಸಂಕೋಚಪಡುತ್ತಾರೆ, ಅದಕ್ಕೇ ಕೊಡುವುದಿಲ್ಲ.

ಆದರೆ ಬಂದ ಕೆಲಸಕ್ಕೆಲ್ಲ ಹೂಂ ಎನ್ನಬಾರದು. ತಳದ ತಗಡು, ಬ್ಯಾಟರಿಯ ತಟ್ಟೆ, ಸೀಟಿನ ಬ್ರ್ಯಾಕೆಟ್ಟು, ಬುಶ್ಶು, ಇವನ್ನು ಮಾಡಿರಿ. ಸ್ಟಿಯರಿಂಗಿನ ತೋಳು, ಬ್ರೇಕಿನ ಪೈಪು ಎಂದರೆ ಕೈಮುಗಿದು ಕಳಿಸಿರಿ. ಆ ತೋಳು ಕಾಯಿಸಿ ಬಡಿದು ಮಾಡಿದ ಉಕ್ಕು. ಮನೆಯ ವೆಲ್ಡಿಂಗಿಗೆ ಆ ಬಲ ಬಾರದು, ಒಳಗಿನ ಬಿರುಕು ಕಣ್ಣಿಗೆ ಕಾಣದು. ಕಾತ್ರಜ ಘಾಟಿನಲ್ಲಿ ಅದು ಮುರಿದ ದಿನ ಪೋಲೀಸರು ಕೇಳುವುದು ಮಾಡಿದವನ ಹೆಸರನ್ನು.

ಕಣ್ಣಿನ ಮಾತೊಂದಿದೆ. ಕಾರ್ಖಾನೆಯ ಕೆಲಸದಲ್ಲಿ ಕಬ್ಬಿಣದ ಚೂರು ಸಿಡಿದು ಕಣ್ಣು ಹೋದರೆ ಇ.ಎಸ್.ಐ. ಯೋಜನೆಯ ಪ್ರಕಾರ ವಿಮೆಯುಳ್ಳ ಕಾರ್ಮಿಕನಿಗೆ ಅಂಗವೈಕಲ್ಯದ ಪರಿಹಾರವುಂಟು. ಮನೆಯ ಶೆಡ್ಡಿನಲ್ಲಿ ಹೋದ ಕಣ್ಣಿಗೆ ಅದಿಲ್ಲ. ಕನ್ನಡಕವಿಲ್ಲದೆ ಗ್ರೈಂಡರ್ ಹಚ್ಚುವವರನ್ನು ಮನೆಯ ಹೆಂಗಸರೇ ತಡೆಯಬೇಕು. ನಮ್ಮ ಮಾತು ಅವರ ಮಾತಿನಷ್ಟು ನಾಟುವುದಿಲ್ಲ.

ನಮ್ಮ ಸಂಘದ ಹಿಂದಿನ ಕೋಣೆ ರವಿವಾರ ಖಾಲಿಯಿರುತ್ತದೆ. ಅಲ್ಲಿ ಒಂದು ಗಟ್ಟಿ ವೈಸು, ಒಂದು ಡ್ರಿಲ್ಲು, ನಾಲ್ಕು ಜೊತೆ ಕನ್ನಡಕ, ಇಂಚಿನ ಟ್ಯಾಪುಗಳ ಒಂದು ಸೆಟ್ಟು ಇಡೋಣ. ಗೋಡೆಗೆ ಗಂಟೆಯ ಕೂಲಿಯ ದರಪಟ್ಟಿ ತೂಗಹಾಕೋಣ, ಬಂದ ಗಿರಾಕಿ ಅದನ್ನು ಓದಿಯೇ ಮಾತಾಡಲಿ. ಎಷ್ಟು ದರವೆಂಬುದನ್ನು ಲೇಥಿನವರೇ ಕೂತು ಗೊತ್ತುಮಾಡಬೇಕು. ಅವರ ಸಭೆಗೆ ಚಹಾ ತಿಂಡಿಯ ಹೊಣೆ ಹೋಟೆಲಿನವರಾದ ನಮ್ಮದು.