ಗೀರಿಗೊಂದು ಬೆಲೆ, ಕಾಲಿಗೊಂದು ಬೆಲೆ

ಕೆಲವು ವರ್ಷಗಳ ಹಿಂದೆ ತಿರುವನಂತಪುರದ ಹಿರಿಯ ನಟಿ ಮಲ್ಲಿಕಾ ಸುಕುಮಾರನ್ ಸಂದರ್ಶನವೊಂದರಲ್ಲಿ ಅಳಲು ತೋಡಿಕೊಂಡರು. ಮಗ ಪೃಥ್ವಿರಾಜ್ ಲ್ಯಾಂಬೋರ್ಗಿನಿ ಕೊಂಡಿದ್ದಾನೆ, ಆದರೆ ರಸ್ತೆ ಎಷ್ಟು ಕೆಟ್ಟಿದೆಯೆಂದರೆ ಅದನ್ನು ತಮ್ಮ ಮನೆಗೆ ತರುವಂತಿಲ್ಲ ಎಂದರು. ಜಾಲತಾಣಗಳಲ್ಲಿ ಮಲಯಾಳಿಗಳು ನಕ್ಕಿದ್ದೇ ನಕ್ಕಿದ್ದು. ನಗುವಂಥ ಮಾತೇ ಇರಬಹುದು. ಆದರೂ ಅದರಲ್ಲಿ ಒಂದು ನಿಜವಿತ್ತು. ಈ ಕಾರುಗಳಿಗಾಗಿ ಕಟ್ಟದ ರಸ್ತೆಯಲ್ಲಿ ಈ ಕಾರುಗಳು ಓಡುತ್ತಿವೆ. ತುಂಬದ ಪಕ್ಕದ ಹೆದ್ದಾರಿಯಾಗಲಿ, ಕೊಚ್ಚಿಯ ವೈಟ್ಟಿಲ ಜಂಕ್ಷನ್ನಾಗಲಿ, ಸ್ಕೂಟರು, ಆಟೊ, ಬಸ್ಸುಗಳ ನಡುವೆಯೇ ಅವೂ ನುಸುಳಬೇಕು. ಅಲ್ಲಿ ಗೀರು ಬೀಳದಿದ್ದರೇ ಆಶ್ಚರ್ಯ. ಆ ಗೀರಿನ ಖರ್ಚು ಯಾರ ತಲೆಗೆ ಎಂಬುದೇ ಪ್ರಶ್ನೆ.

ಒಬ್ಬ ಸ್ಕೂಟರ್ ಸವಾರನ ಹ್ಯಾಂಡಲು ಮೂರು ಕೋಟಿಯ ಕಾರಿನ ಪಕ್ಕೆಗೆ ಉಜ್ಜಿತು ಎಂದಿಟ್ಟುಕೊಳ್ಳಿ. ತಪ್ಪು ಸವಾರನದೇ ಎಂದೂ ಒಪ್ಪೋಣ. ಅವನ ಬಳಿ ಕಾನೂನು ಕಡ್ಡಾಯ ಮಾಡಿದ ಥರ್ಡ್ ಪಾರ್ಟಿ ವಿಮೆ ಇದೆ. ಬೇರೆಯವರ ಆಸ್ತಿಗೆ ಹಾನಿಯಾದರೆ ಆ ವಿಮೆ ತುಂಬಿಕೊಡುವುದು ಹೆಚ್ಚೆಂದರೆ 1 ಲಕ್ಷ ರೂಪಾಯಿ. ಕಾರು, ಆಟೊಗಳಿಗಾದರೆ ಆ ಮಿತಿ 7.5 ಲಕ್ಷ. ಇಟಲಿಯಿಂದ ಬಿಡಿಭಾಗ ತರಿಸಬೇಕಾದ ಕಾರಿಗೆ ಒಂದು ಲಕ್ಷ ಯಾವ ಮೂಲೆಗೆ? ಮಿಕ್ಕಿದ್ದಕ್ಕೆ ಸವಾರನೇ ಹೊಣೆ. ಕಾರಿನವರು ತಮ್ಮ ವಿಮೆಯಿಂದ ಹಣ ಪಡೆದು ಸುಮ್ಮನಾದರೂ, ಸವಾರನಿಂದ ಅದನ್ನು ವಸೂಲು ಮಾಡಲು ಹೊರಡುವ ಹಕ್ಕು ವಿಮಾ ಕಂಪನಿಗೆ ಇದ್ದೇ ಇದೆ. ಆ ಹಕ್ಕು ಚಲಾಯಿಸುವುದು ಬಿಡುವುದು ಅವರ ಮರ್ಜಿ.

ಈಗ ಪ್ರೀಮಿಯಮ್ ನೋಡಿ. 2022ರ ಜೂನ್ 1ರಿಂದ ಜಾರಿಗೆ ಬಂದ ದರಪಟ್ಟಿಯ ಪ್ರಕಾರ 1500 ಸಿಸಿ ಮೀರಿದ ಯಾವುದೇ ಖಾಸಗಿ ಕಾರಿನ ವಾರ್ಷಿಕ ಥರ್ಡ್ ಪಾರ್ಟಿ ಪ್ರೀಮಿಯಮ್ 7,897 ರೂಪಾಯಿ. ಮನೆಮಂದಿಯನ್ನೆಲ್ಲ ತುಂಬಿಕೊಂಡು ಧರ್ಮಸ್ಥಳಕ್ಕೆ ಹೊರಟ ಡೀಸೆಲ್ ಇನ್ನೋವಾಕ್ಕೂ ಅಷ್ಟೇ, 5.2 ಲೀಟರ್ ಎಂಜಿನ್ನಿನ ಲ್ಯಾಂಬೋರ್ಗಿನಿಗೂ ಅಷ್ಟೇ. ನೋಂದಣಿ ತೆರಿಗೆ ಹಾಕುವಾಗ ಸರ್ಕಾರಕ್ಕೆ ಕಾರಿನ ಬೆಲೆ ಚೆನ್ನಾಗಿಯೇ ಕಾಣುತ್ತದೆ. 20 ಲಕ್ಷ ಮೀರಿದ ಕಾರಿಗೆ ಕೇರಳ ಬೆಲೆಯ ಐದನೇ ಒಂದು ಪಾಲಿಗಿಂತ ಹೆಚ್ಚು ವಸೂಲು ಮಾಡುತ್ತದೆ. ಫ್ಯಾನ್ಸಿ ನಂಬರನ್ನೂ ಹರಾಜಿಗಿಟ್ಟು ಲಕ್ಷಗಟ್ಟಲೆ ಎತ್ತುತ್ತದೆ. ಆದರೆ ಆ ಕಾರು ಪಕ್ಕದಲ್ಲಿ ಹಾಯುವವರ ಮೇಲೆ ಹೊರಿಸುವ ಹೊರೆಯನ್ನು ಅಳೆಯುವಾಗ ಮಾತ್ರ ಬೆಲೆ ಮರೆತುಹೋಗುತ್ತದೆ.

ಬೆಂಗಳೂರಿನಲ್ಲಿ 2020ರ ಫೆಬ್ರುವರಿ 9, ಒಂದು ಭಾನುವಾರ, ಎರಡು ಅಪಘಾತಗಳಾದವು. ಕಬ್ಬನ್ ಪಾರ್ಕ್ ಪಕ್ಕದಲ್ಲಿ ಒಂದು ಲ್ಯಾಂಬೋರ್ಗಿನಿ ಸಂಚಾರ ಪೊಲೀಸರ ಚೌಕಿಗೆ ಗುದ್ದಿತು. ಯಾರಿಗೂ ಗಾಯವಾಗಲಿಲ್ಲ. ಚಾಲಕ ಕಾರಿನ ಮುಂದೆ ನಿಂತು ಫೋಟೊ ತೆಗೆಸಿಕೊಂಡ, ಆ ಚಿತ್ರ ಊರೆಲ್ಲ ಸುತ್ತಿತು. ಅದೇ ದಿನ ಬಳ್ಳಾರಿ ರಸ್ತೆಯಲ್ಲಿ ಒಂದು ಬೆಂಟ್ಲಿ ಆಟೊಗೆ ಗುದ್ದಿತು, ಒಬ್ಬರ ಕಾಲಿಗೆ ಪೆಟ್ಟಾಯಿತು. ಕಾರು ಓಡಿಸುತ್ತಿದ್ದವರು ಯಾರು ಎಂಬುದೇ ಸುದ್ದಿಯಾಯಿತು, ಕಾಲಿನ ಸುದ್ದಿ ಅದರಡಿ ಹೂತುಹೋಯಿತು.

ಕಾಲಿಗೆ ಬೆಲೆ ಕಟ್ಟುವ ಬಗೆಯೇ ಬೇರೆ. ಕಾಲಿನ ಊನ ದುಡಿಮೆಯನ್ನು ಎಷ್ಟು ಕುಗ್ಗಿಸಿತು ಎಂದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ಆದಾಯದ ಲೆಕ್ಕದಲ್ಲಿ ಅಳೆಯುತ್ತದೆ. ಆಟೊದವರ ಬಳಿ ಸಂಬಳದ ಚೀಟಿ ಎಲ್ಲಿರುತ್ತದೆ? ಆಗ ಅಂದಾಜು ಆದಾಯವೊಂದನ್ನು ಗೊತ್ತುಮಾಡಲಾಗುತ್ತದೆ. ಬಂಪರಿಗಾದರೆ ಕಂಪನಿಯ ಬಿಲ್ಲೇ ಸಾಕು. ಮುಖ ನೋಡಿ ಮಣೆ ಹಾಕುವುದು ಎಂದರೆ ಇದೇ. ಬಡವನ ಮೂಳೆಗೆ ಬಡವನ ದರ, ಸಾಹುಕಾರನ ತಗಡಿಗೆ ಸಾಹುಕಾರನ ದರ.

ಇದು ಹೊಟ್ಟೆಕಿಚ್ಚಿನ ಮಾತು ಎನ್ನುವವರಿದ್ದಾರೆ. ದುಡಿದವರು ಕೊಳ್ಳಲಿ, ಓಡಿಸಲಿ, ಯಾರ ತಕರಾರೂ ಇಲ್ಲ. ಇಂಥ ಕಾರು ಮನೆಯಿಂದ ಹೊರಬರುವುದೇ ಅಪರೂಪ, ಅದರಿಂದ ಜನಕ್ಕೇನು ಅಪಾಯ ಎಂಬ ವಾದಕ್ಕೆ ತೂಕವಿದೆ. ಹಾಗೆಂದು ಹೊರಬಂದ ದಿನದ ಅಪಾಯ ಸ್ಕೂಟರಿನವನ ಪಾಲಿಗೇಕೆ ಹೋಗಬೇಕು? ಅಸಾಧಾರಣ ಬೆಲೆಯ ವಸ್ತುವನ್ನು ಸಾರ್ವಜನಿಕ ರಸ್ತೆಗೆ ಇಳಿಸುವುದು ಮಾಲೀಕರ ಆಯ್ಕೆ. ಸಾಧಾರಣ ಕಾರಿನ ರಿಪೇರಿಗೆ ತಗಲುವಷ್ಟನ್ನು ತಪ್ಪು ಮಾಡಿದವನು ಕೊಡಲಿ. ಅದಕ್ಕೂ ಮೇಲಿನದನ್ನು ಮಾಲೀಕರ ವಿಮೆಯೇ ಹೊರಲಿ, ಹಿಂದಿನಿಂದ ವಸೂಲಿಗೆ ಬರದಿರಲಿ. ಇದಕ್ಕೆ ಕಾನೂನು ತಿದ್ದಬೇಕು. ಪ್ರೀಮಿಯಮ್ಮಿಗೆ ಅಷ್ಟೂ ಬೇಡ. ಆ ದರಗಳನ್ನು ಗೊತ್ತುಮಾಡುವುದು ವಿಮಾ ಪ್ರಾಧಿಕಾರದೊಡನೆ ಸಮಾಲೋಚಿಸುವ ಕೇಂದ್ರ ಸರ್ಕಾರವೇ. ಮುಂದಿನ ದರಪಟ್ಟಿಯಲ್ಲಿ ಸಿಸಿಯ ಪಕ್ಕದಲ್ಲಿ ಬೆಲೆಗೂ ಒಂದು ಕಲಮು ಹಾಕಲಿ.